ಸಂಬಳ ಬಂದ ರಾತ್ರಿಯೇ ಬ್ಯಾಂಕ್ ಮುರಿದುಕೊಂಡರೆ?

ಪ್ರಶ್ನೆ: ನಾನು ಖಾಸಗಿ ಕಂಪನಿಯೊಂದರಲ್ಲಿ ಕೆಲಸ ಮಾಡುತ್ತೇನೆ. ಸಂಬಳ ಬರುವ ಬ್ಯಾಂಕಿನದೇ ಕ್ರೆಡಿಟ್ ಕಾರ್ಡ್ ಇದೆ. ಮನೆಯಲ್ಲಿ ಆಸ್ಪತ್ರೆ ಖರ್ಚು ಬಂದು ಐದು ತಿಂಗಳಿಂದ ಕಾರ್ಡ್ ಬಿಲ್ ಕಟ್ಟಿಲ್ಲ. ಬಾಕಿ 68,400 ರೂ. ಆಗಿದೆ. ಈ ತಿಂಗಳು 1ನೇ ತಾರೀಕು 41,200 ರೂ. ಸಂಬಳ ಬಿತ್ತು. ಮರುದಿನ ಬೆಳಗ್ಗೆ ನೋಡಿದರೆ ಖಾತೆಯಲ್ಲಿ ಉಳಿದದ್ದು 312 ರೂ. ಮಾತ್ರ. 42,000 ರೂ. ಕಾರ್ಡ್ ಬಾಕಿಗೆ ಹೋಗಿದೆ. ಅದೇ ಬ್ಯಾಂಕಿನಲ್ಲಿ ಅಮ್ಮನ ಜೊತೆ ಜಂಟಿ ಖಾತೆಯೂ ಇದೆ. ಅಪ್ಪ ಸರ್ಕಾರಿ ನೌಕರಿಯಲ್ಲಿದ್ದರು, ಅಮ್ಮನ ಕುಟುಂಬ ಪಿಂಚಣಿ ಆ ಖಾತೆಗೆ ಬರುತ್ತದೆ. ಅದರಲ್ಲೂ ಉಳಿದ 26,400 ರೂ.ಗೆ 'ಲಿಯನ್' ಹಾಕಿದ್ದಾರೆ. 5ನೇ ತಾರೀಕು ಇನ್ನೊಂದು ಫೈನಾನ್ಸ್ ಕಂಪನಿಯ ಬೈಕ್ ಸಾಲದ ಕಂತು ಇದೆ. ಕೋರ್ಟ್ ಆದೇಶ ಇಲ್ಲದೆ, ನನಗೆ ಒಂದು ಮಾತೂ ಹೇಳದೆ ಬ್ಯಾಂಕ್ ಹೀಗೆ ಮಾಡಬಹುದಾ? ಅಮ್ಮನ ದುಡ್ಡು ಬಿಡಿಸಿಕೊಳ್ಳುವುದು ಹೇಗೆ?

ಉತ್ತರ: ಮೊದಲು ಅಮ್ಮನ ಖಾತೆಯ ವಿಷಯ. ಯಾಕಂದ್ರೆ ನಿಮ್ಮ ಪತ್ರದಲ್ಲಿ ಬ್ಯಾಂಕ್ ಕಣ್ಣಿಗೆ ಕಾಣುವಂತೆ ಎಡವಿರುವುದು ಅಲ್ಲೇ. ನಿಮ್ಮ ಸಂಬಳದ ವಿಷಯದಲ್ಲಿ ಬ್ಯಾಂಕಿಗೆ ಹೇಳಿಕೊಳ್ಳಲು ಒಂದಿಷ್ಟು ಕಾನೂನು ಇದೆ. ಅಮ್ಮನ ಖಾತೆಗೆ ಆ ಮಾತು ಸಲ್ಲುವುದಿಲ್ಲ. ಎರಡನ್ನೂ ಒಂದೇ ದೂರಿನಲ್ಲಿ ಕಲಸಿಬಿಟ್ಟರೆ, ಬ್ಯಾಂಕ್ ಸಂಬಳದ ಬಗ್ಗೆ ನಾಲ್ಕು ಸಾಲು ಉತ್ತರ ಕೊಟ್ಟು ಅಮ್ಮನ ಹಣದ ಮಾತನ್ನು ಹಾರಿಸಿಬಿಡುತ್ತದೆ. ಆದ್ದರಿಂದ ಎರಡು ಬೇರೆ ಬೇರೆ ಪತ್ರ ಬರೆಯಿರಿ. ಅಮ್ಮನದು ಅಮ್ಮನ ಹೆಸರಲ್ಲಿ, ಅಮ್ಮನ ಸಹಿಯಲ್ಲೇ ಹೋಗಲಿ.

ಒಂದು ಮಾತು ಮುಂಚೆಯೇ ಹೇಳಿಬಿಡುತ್ತೇನೆ. ನಾನು ಬ್ಯಾಂಕಿನ ಸಾಲ ವಸೂಲಿ ವಿಭಾಗದಲ್ಲಿ ವರ್ಷಗಟ್ಟಲೆ ಕೂತವನು. ನಿಮಗೆ ಈಗ ಆಗಿರುವುದನ್ನು ಬೇರೆಯವರಿಗೆ ನಾನೇ ಮಾಡಿದ್ದೇನೆ. ಕೆಲವು ಸಲ ಸರಿಯಾಗಿ, ಕೆಲವು ಸಲ ಅವಸರದಲ್ಲಿ.

ಆ ರಾತ್ರಿ ಏನಾಗಿರುತ್ತದೆ ಅಂದರೆ, ಬಹುಮಟ್ಟಿಗೆ ಯಾರೂ ಕೂತು ಯೋಚಿಸಿರುವುದಿಲ್ಲ. ಬ್ಯಾಂಕಿನ ಕಂಪ್ಯೂಟರಿನಲ್ಲಿ ಪ್ರತಿ ಗ್ರಾಹಕನಿಗೂ ಒಂದು ಕಸ್ಟಮರ್ ಐಡಿ ಇರುತ್ತದೆ. ಉಳಿತಾಯ ಖಾತೆ, ಠೇವಣಿ, ಕಾರ್ಡ್, ಸಾಲ, ಜಂಟಿ ಖಾತೆ ಎಲ್ಲವೂ ಅದಕ್ಕೆ ಗಂಟು ಬಿದ್ದಿರುತ್ತವೆ. ಬಾಕಿ ಉಳಿಸಿಕೊಂಡವರ ಪಟ್ಟಿ ಕಾರ್ಡ್ ವಿಭಾಗದಿಂದ ಬರುತ್ತದೆ. ಆ ಐಡಿಗೆ ಸೇರಿದ ಖಾತೆಗಳಲ್ಲಿ ದುಡ್ಡು ಇದೆಯಾ ಅಂತ ಸಿಸ್ಟಮ್ ಹುಡುಕುತ್ತದೆ. ಸಿಕ್ಕಿದ್ದನ್ನು ಎಳೆಯುತ್ತದೆ, ಎಳೆಯಲು ಬಾರದ್ದಕ್ಕೆ ತಡೆ ಹಾಕುತ್ತದೆ. ಜಂಟಿ ಖಾತೆಯಲ್ಲಿ ಮೆಷಿನ್‌ಗೆ ನಿಮ್ಮ ಅಮ್ಮ ಕಾಣುವುದಿಲ್ಲ, ನಿಮ್ಮ ಐಡಿ ಮಾತ್ರ ಕಾಣುತ್ತದೆ. ಮನುಷ್ಯರು ನೋಡಿ ಬಿಡಬೇಕಾದ್ದನ್ನು ನೋಡಿರುವುದಿಲ್ಲ, ಅಷ್ಟೇ.

ನೀವು ಎರಡು ಪದಗಳನ್ನು ಒಂದೇ ಅಂದುಕೊಂಡಿರಬಹುದು. ಸಂಬಳದ ಖಾತೆಯಲ್ಲಿ ಆಗಿದ್ದು 'ಸೆಟ್ ಆಫ್'. ನಿಮ್ಮಿಂದ ಬರಬೇಕಾದ ಬಾಕಿಗೆ, ನಿಮಗೆ ಕೊಡಬೇಕಾದ ಹಣವನ್ನು ವಜಾ ಮಾಡಿಕೊಳ್ಳುವುದು. ದುಡ್ಡು ಹೋಯಿತು, ಬಾಕಿ ಅಷ್ಟು ಕಡಿಮೆಯಾಯಿತು. ಅಮ್ಮನ ಖಾತೆಯಲ್ಲಿ ಆಗಿರುವುದು ತಡೆ. ದುಡ್ಡು ಅಲ್ಲೇ ಇದೆ, ಆದರೆ ತೆಗೆಯಲು ಬಿಡುತ್ತಿಲ್ಲ. ಬ್ಯಾಂಕಿನವರು ಇದನ್ನು ಲಿಯನ್ ಅಂತಾರೆ, ಹೋಲ್ಡ್ ಅಂತಾರೆ. ಹೋದದ್ದನ್ನು ವಾಪಸ್ ತರುವುದಕ್ಕಿಂತ ನಿಂತದ್ದನ್ನು ಬಿಡಿಸುವುದು ಸುಲಭ. ಅದಕ್ಕೇ ಅಮ್ಮನ ಪತ್ರ ಇವತ್ತೇ ಹೋಗಲಿ ಅನ್ನುವುದು. ನಾಳೆ ರಾತ್ರಿ ಆ ತಡೆ ಡೆಬಿಟ್ ಆಗಿಬಿಡಬಹುದು.

ಇನ್ನು ನಿಮ್ಮ ದೊಡ್ಡ ಪ್ರಶ್ನೆ. ಕೋರ್ಟಿಗೆ ಹೋಗದೆ ಮುರಿದುಕೊಳ್ಳಬಹುದಾ? ಹೌದು, ಮುರಿದುಕೊಳ್ಳಬಹುದು. ಕೇಳಲು ಕಹಿ, ಆದರೆ ಕಾನೂನು ಹಾಗೇ ಇದೆ.

ಬ್ಯಾಂಕಿನಲ್ಲಿ ಇಟ್ಟ ಹಣ ನಮ್ಮದು, ಬ್ಯಾಂಕ್ ಕಾವಲು ಕಾಯುತ್ತಿದೆ ಅಂತ ನಾವು ಅಂದುಕೊಳ್ಳುತ್ತೇವೆ. ಕಾನೂನಿನ ಲೆಕ್ಕ ಬೇರೆ. 1848ರಲ್ಲಿ ಇಂಗ್ಲೆಂಡಿನ ಹೌಸ್ ಆಫ್ ಲಾರ್ಡ್ಸ್ 'ಫೋಲಿ ವಿರುದ್ಧ ಹಿಲ್' ಮೊಕದ್ದಮೆಯಲ್ಲಿ ಇದನ್ನು ಇತ್ಯರ್ಥ ಮಾಡಿತು. ನಮ್ಮ ಕೋರ್ಟುಗಳೂ ಅದೇ ದಾರಿಯಲ್ಲಿ ನಡೆದಿವೆ. ಠೇವಣಿ ಇಟ್ಟ ಕ್ಷಣ ಆ ದುಡ್ಡು ಬ್ಯಾಂಕಿನದಾಗುತ್ತದೆ. ಕೇಳಿದಾಗ ಅಷ್ಟು ಮೊತ್ತ ವಾಪಸ್ ಕೊಡುವ ಸಾಲಗಾರ ಬ್ಯಾಂಕ್. ಅಂದರೆ 1ನೇ ತಾರೀಕು ಸಂಜೆ, ಖಾತೆಯಲ್ಲಿದ್ದ ಹಳೆಯ ಉಳಿಕೆಯೂ ಸೇರಿ, ಬ್ಯಾಂಕ್ ನಿಮಗೆ 42,312 ರೂ. ಸಾಲಗಾರ, ನೀವು ಬ್ಯಾಂಕಿಗೆ 68,400 ರೂ. ಸಾಲಗಾರ. ನಿಮ್ಮ ಅಂಗಡಿಯವನು ನಿಮಗೆ ನೂರು ಕೊಡಬೇಕು, ನೀವು ಅವನಿಗೆ ಇನ್ನೂರು ಕೊಡಬೇಕು ಅಂದರೆ ಏನು ಮಾಡುತ್ತೀರಿ? ನೂರು ಕಳೆದು ಉಳಿದ ನೂರು ಕೊಡುತ್ತೀರಿ. ಸೆಟ್ ಆಫ್ ಅಂದರೆ ಅದೇ.

ಇದರ ಪಕ್ಕಕ್ಕೇ ಇನ್ನೊಂದು ಹಕ್ಕಿದೆ. 1872ರ ಭಾರತೀಯ ಕರಾರು ಕಾಯ್ದೆಯ 171ನೇ ಕಲಮು. ತನ್ನ ಕೈಯಲ್ಲಿರುವ ಗ್ರಾಹಕರ ವಸ್ತುಗಳನ್ನು ಒಟ್ಟು ಲೆಕ್ಕದ ಬಾಕಿ ತೀರುವ ತನಕ ಇಟ್ಟುಕೊಳ್ಳುವ ಹಕ್ಕನ್ನು ಅದು ಕೆಲವರಿಗೆ ಮಾತ್ರ ಕೊಟ್ಟಿದೆ. ಬ್ಯಾಂಕಿನವರು, ಸರಕು ಮಾರುವ ದಲ್ಲಾಳಿಗಳು, ಹಡಗುಕಟ್ಟೆಯವರು, ಹೈಕೋರ್ಟಿನ ಅಟಾರ್ನಿಗಳು, ವಿಮಾ ಪಾಲಿಸಿ ದಲ್ಲಾಳಿಗಳು ಆ ಪಟ್ಟಿಯಲ್ಲಿದ್ದಾರೆ. ಪಟ್ಟಿ ನೋಡಿದರೇ ಅದು ಯಾವ ಕಾಲದ್ದು ಅಂತ ಗೊತ್ತಾಗುತ್ತೆ, ಅಲ್ವಾ? 1992ರಲ್ಲಿ ಸುಪ್ರೀಂ ಕೋರ್ಟ್ 'ಸಿಂಡಿಕೇಟ್ ಬ್ಯಾಂಕ್ ವಿರುದ್ಧ ವಿಜಯ್ ಕುಮಾರ್' ಮೊಕದ್ದಮೆಯಲ್ಲಿ ಫಿಕ್ಸೆಡ್ ಡಿಪಾಸಿಟ್ ರಸೀದಿಗಳ ಮೇಲೂ ಬ್ಯಾಂಕಿನ ಈ ಹಕ್ಕನ್ನು ಒಪ್ಪಿತು.

ಇದರ ಮೇಲೆ ನೀವು ಸಹಿ ಮಾಡಿದ ಅರ್ಜಿಯೂ ಇದೆ. ಕಾರ್ಡಿನ ಷರತ್ತುಗಳನ್ನು ತೆಗೆದು ನೋಡಿ. 'ಗ್ರಾಹಕನ ಯಾವುದೇ ಖಾತೆಯಿಂದ ಬಾಕಿ ವಸೂಲು ಮಾಡುವ ಹಕ್ಕು ಬ್ಯಾಂಕಿಗೆ ಇರುತ್ತದೆ' ಅನ್ನುವ ಅರ್ಥದ ಸಾಲು ಇದ್ದೇ ಇರುತ್ತದೆ. ಅಮೆರಿಕದಲ್ಲಿ ಕಾರ್ಡ್ ಬಾಕಿಗೆ ಠೇವಣಿ ಖಾತೆಯಿಂದ ತಾನಾಗಿ ಮುರಿದುಕೊಳ್ಳುವುದನ್ನು 1974ರ ಕಾನೂನೊಂದು ತಡೆದಿದೆ. ನಮ್ಮಲ್ಲಿ ಅಂಥ ಕಾನೂನು ಬಂದಿಲ್ಲ. ಬರಬೇಕಿತ್ತು ಅನ್ನುವುದು ನನ್ನ ಅಭಿಪ್ರಾಯ. ತಿಂಗಳಿಗೆ ಶೇ. 3ಕ್ಕಿಂತ ಜಾಸ್ತಿ ಬಡ್ಡಿ ಹಾಕುವಾಗ 'ಇದು ಅಡಮಾನ ಇಲ್ಲದ ಸಾಲ, ನಮಗೆ ಅಪಾಯ ಜಾಸ್ತಿ' ಅಂತಾರೆ. ವಸೂಲಿಗೆ ಬಂದಾಗ ಸಂಬಳವೇ ಅಡಮಾನ ಆಗಿಬಿಡುತ್ತದೆ.

ಹಾಗಂತ ಸಿಕ್ಕಿದ್ದೆಲ್ಲ ಬಾಚಿಕೊಳ್ಳುವ ಹಕ್ಕು ಇದಲ್ಲ. ಸಾಲ ಯಾರದು, ಹಣ ಯಾರದು, ಆ ಬಾಕಿ ಇವತ್ತು ಕೊಡಲೇಬೇಕಾದ್ದಾ, ಈ ಮೂರನ್ನು ಕೇಳಿಕೊಳ್ಳಬೇಕು. ಸಾಲ ಇರುವವನೂ ಹಣ ಇರುವವನೂ ಒಬ್ಬನೇ ಆಗಿರಬೇಕು. ಒಂದೇ ಹೈಸಿಯತ್ತಿನಲ್ಲಿ, ಅಂದರೆ ಒಂದೇ ಪಾತ್ರದಲ್ಲಿ ಆಗಿರಬೇಕು. ಬಾಕಿಯ ಮೊತ್ತ ಖಚಿತವಾಗಿರಬೇಕು, ಅದನ್ನು ಕೊಡುವ ದಿನ ಬಂದು ಹೋಗಿರಬೇಕು. ಇದರಲ್ಲಿ ಒಂದು ತಪ್ಪಿದರೂ ಬ್ಯಾಂಕಿನ ಕೈ ಕೆಳಗಾಗುತ್ತದೆ.

ಜಂಟಿ ಖಾತೆಯ ಹಣವನ್ನು ಬ್ಯಾಂಕ್ ಕೊಡಬೇಕಿರುವುದು ನಿಮ್ಮಿಬ್ಬರಿಗೆ. ಕಾರ್ಡ್ ಬಾಕಿ ನಿಮ್ಮೊಬ್ಬರದು. ಇಬ್ಬರಿಗೆ ಕೊಡಬೇಕಾದ್ದನ್ನು ಒಬ್ಬನ ಸಾಲಕ್ಕೆ ವಜಾ ಮಾಡಲು ಬರುವುದಿಲ್ಲ. ಇದು ಬ್ಯಾಂಕಿಂಗ್ ಪರೀಕ್ಷೆ ಬರೆಯುವ ಪ್ರತಿ ಕ್ಲರ್ಕೂ ಓದುವ ಪಾಠ. ಬ್ಯಾಂಕಿನವರು ಆಗ ಕಾರ್ಡಿನ ಷರತ್ತು ತೋರಿಸಬಹುದು. 'ಜಂಟಿ ಖಾತೆಯೂ ಸೇರಿದಂತೆ ಅಂತ ಬರೆದಿದೆ ನೋಡಿ' ಅನ್ನಬಹುದು. ಸರಿ, ಅದಕ್ಕೆ ಸಹಿ ಹಾಕಿದವರು ಯಾರು? ನೀವು. ಅಮ್ಮ ಸಹಿ ಹಾಕಿದ್ದಾರಾ? ನಿಮ್ಮ ಸಹಿಯಿಂದ ಅಮ್ಮನ ಹಕ್ಕು ಹೋಗುವುದಿಲ್ಲ. ಒಂದು ಎಚ್ಚರಿಕೆ ಮಾತ್ರ ಇರಲಿ. ಜಂಟಿ ಖಾತೆ ತೆರೆಯುವಾಗಿನ ಅರ್ಜಿಯಲ್ಲೂ ಇಂಥ ಸಾಲು ಇರಬಹುದು, ಅದಕ್ಕೆ ಅಮ್ಮ ಸಹಿ ಹಾಕಿರಬಹುದು. ಆ ಅರ್ಜಿಯ ಪ್ರತಿ ಕೇಳಿ. ಅಂಥ ಸಾಲು ಇದ್ದರೂ, ಖಾತೆಗೆ ಬಂದಿರುವುದೆಲ್ಲ ಅಮ್ಮನ ಪಿಂಚಣಿ ಅಂತ ಸ್ಟೇಟ್‌ಮೆಂಟ್ ಹೇಳುತ್ತಿದ್ದರೆ ನಿಮ್ಮ ವಾದ ಗಟ್ಟಿಯಾಗಿಯೇ ಇರುತ್ತದೆ.

ಪಿಂಚಣಿಗೆ ಬೇರೆ ಬೇಲಿಯೂ ಇದೆ. 1871ರ ಪಿಂಚಣಿ ಕಾಯ್ದೆಯ 11ನೇ ಕಲಮು ಸರ್ಕಾರಿ ಪಿಂಚಣಿಯನ್ನು ಸಾಲ ಕೊಟ್ಟವರ ಕೋರಿಕೆ ಮೇಲೆ ಕೋರ್ಟ್ ಜಪ್ತಿ ಮಾಡದಂತೆ ತಡೆಯುತ್ತದೆ. ಸಿವಿಲ್ ಪ್ರಕ್ರಿಯಾ ಸಂಹಿತೆಯ 60ನೇ ಕಲಮು ಕೂಡ ಅದನ್ನೇ ಹೇಳುತ್ತದೆ. 'ರಾಧೇಶ್ಯಾಮ್ ಗುಪ್ತಾ ವಿರುದ್ಧ ಪಂಜಾಬ್ ನ್ಯಾಷನಲ್ ಬ್ಯಾಂಕ್' ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟ್ ಇನ್ನೊಂದು ಹೆಜ್ಜೆ ಮುಂದೆ ಹೋಯಿತು. ಪಿಂಚಣಿ, ಗ್ರಾಚ್ಯುಟಿ ಕೈಗೆ ಬಂದು ಫಿಕ್ಸೆಡ್ ಡಿಪಾಸಿಟ್ ಆದ ಮೇಲೂ ಅದರ ಗುಣ ಬದಲಾಗುವುದಿಲ್ಲ, ರಕ್ಷಣೆ ಹೋಗುವುದಿಲ್ಲ ಅಂತ ಹೇಳಿತು. ಬ್ಯಾಂಕಿನ ವಕೀಲರು ಇಲ್ಲಿ ಒಂದು ಸಂದು ಹುಡುಕುತ್ತಾರೆ. 'ಅವೆಲ್ಲ ಕೋರ್ಟ್ ಜಪ್ತಿಯ ಮಾತು, ನಾವು ಮಾಡಿದ್ದು ಜಪ್ತಿ ಅಲ್ಲ, ವಜಾ' ಅಂತಾರೆ. ಅಕ್ಷರಕ್ಕೆ ಅಂಟಿಕೊಂಡರೆ ಅದು ಸರಿ ಅನ್ನಿಸಬಹುದು. ಆದರೆ ಡಿಕ್ರಿ, ಅಂದರೆ ಕೋರ್ಟಿನ ತೀರ್ಪಿನ ಆದೇಶ, ಹಿಡಿದುಕೊಂಡು ಬಂದರೂ ಕೋರ್ಟ್ ಮುಟ್ಟಲಾಗದ ಹಣವನ್ನು, ಡಿಕ್ರಿಯೇ ಇಲ್ಲದ ಬ್ಯಾಂಕ್ ಮುಟ್ಟಬಹುದು ಅನ್ನುವುದು ಯಾವ ನ್ಯಾಯ? ನಿಮ್ಮ ಪ್ರಕರಣದಲ್ಲಿ ಈ ವಾದಕ್ಕೆ ಇಳಿಯುವ ಅಗತ್ಯವೇ ಬೀಳದಿರಬಹುದು. ಸಾಲವೇ ಅಮ್ಮನದಲ್ಲ. ಅಷ್ಟು ಸಾಕು.

ಅಮ್ಮನ ಪತ್ರ ಚಿಕ್ಕದಾಗಿರಲಿ. ಹೀಗೆ ಬರೆಯಬಹುದು:

"ಶಾಖಾ ವ್ಯವಸ್ಥಾಪಕರಿಗೆ. ನಾನು ಈ ಜಂಟಿ ಖಾತೆಯ ಮೊದಲ ಹೆಸರಿನ ಖಾತೆದಾರಳು. ನನ್ನ ಕುಟುಂಬ ಪಿಂಚಣಿ ಇದೇ ಖಾತೆಗೆ ಜಮಾ ಆಗುತ್ತದೆ. ಇಂಥ ತಾರೀಕಿನಂದು 26,400 ರೂ.ಗೆ ತಡೆ ಹಾಕಲಾಗಿದೆ. ನಾನು ನಿಮ್ಮ ಬ್ಯಾಂಕಿಗೆ ಯಾವ ಸಾಲವನ್ನೂ ಕೊಡಬೇಕಿಲ್ಲ, ಯಾರ ಸಾಲಕ್ಕೂ ಜಾಮೀನು ನಿಂತಿಲ್ಲ. ಯಾವ ದಾಖಲೆಯ ಆಧಾರದ ಮೇಲೆ ತಡೆ ಹಾಕಿದ್ದೀರಿ ಎಂದು ಅದರ ಪ್ರತಿ ಸಮೇತ ತಿಳಿಸಿ. ತಡೆಯನ್ನು ಕೂಡಲೇ ತೆಗೆಯಿರಿ. ಈ ಖಾತೆಯಿಂದ ನನ್ನ ಮಗನ ಕಾರ್ಡ್ ಬಾಕಿಗೆ ಹಣ ತೆಗೆಯಲು ನನ್ನ ಒಪ್ಪಿಗೆ ಇಲ್ಲ."

ಎರಡು ಪ್ರತಿ ಮಾಡಿಸಿ. ಒಂದರ ಮೇಲೆ ಶಾಖೆಯ ಸೀಲು, ತಾರೀಕು ಹಾಕಿಸಿಕೊಳ್ಳಿ. ಅದೇ ಪತ್ರವನ್ನು ಬ್ಯಾಂಕಿನ ದೂರು ವಿಭಾಗಕ್ಕೆ ಇಮೇಲ್ ಮಾಡಿ. ಮೊದಲ ಹೆಸರು ನಿಮ್ಮದಾಗಿದ್ದರೆ ಆ ಸಾಲು ಬದಲಿಸಿಕೊಳ್ಳಿ. ಕೌಂಟರಿನಲ್ಲಿ 'ಇದು ಹೆಡ್ ಆಫೀಸಿನಿಂದ ಬಂದಿದೆ, ನಮ್ಮ ಕೈಯಲ್ಲಿಲ್ಲ' ಅಂತಾರೆ. ಅದು ಅರ್ಧ ನಿಜ. ತಡೆ ಹಾಕಿದ್ದು ಅವರಲ್ಲದಿರಬಹುದು, ಆದರೆ ತೆಗೆಯಿರಿ ಅಂತ ಕಾರ್ಡ್ ವಿಭಾಗಕ್ಕೆ ಬರೆಯಬೇಕಾದವರು ಅವರೇ.

ಈಗ ನಿಮ್ಮ ಸಂಬಳ. ಸಾಲ ಯಾರದು ಎಂಬ ಪ್ರಶ್ನೆಗೆ ಉತ್ತರ ನಿಮ್ಮ ವಿರುದ್ಧವಾಗಿಯೇ ಇದೆ. ಆದರೆ ಬಾಕಿ ಎಷ್ಟು ಅನ್ನುವಲ್ಲಿ ಕೆದಕಲು ಜಾಗ ಇದೆ. ಸಾಲದಲ್ಲಿ ಮೂರು ಕಂತು ತಪ್ಪಿದ್ದರೆ ಬ್ಯಾಂಕ್ ಆ ಮೂರು ಕಂತನ್ನು ಮುರಿದುಕೊಳ್ಳಬಹುದು. ಇನ್ನೂ ದಿನ ಬಾರದ ಮುಂದಿನ ಮೂವತ್ತು ಕಂತುಗಳನ್ನು ಮುರಿದುಕೊಳ್ಳಬೇಕಾದರೆ ಮೊದಲು 'ಸಾಲವನ್ನೇ ವಾಪಸ್ ಕೇಳುತ್ತಿದ್ದೇವೆ, ಪೂರ್ತಿ ಕಟ್ಟಿ' ಅಂತ ನೋಟಿಸ್ ಕೊಟ್ಟಿರಬೇಕು. ಕಾರ್ಡಿನಲ್ಲೂ ಅಷ್ಟೇ. ಪ್ರತಿ ಬಿಲ್ಲಿನಲ್ಲಿ 'ಕನಿಷ್ಠ ಕಟ್ಟಬೇಕಾದ ಮೊತ್ತ' ಅಂತ ಇರುತ್ತದಲ್ಲ, ತಪ್ಪಿರುವುದು ಅದು. ಪೂರ್ತಿ 68,400ನ್ನೂ ಈಗಲೇ ಕಟ್ಟು ಅಂತ ಬ್ಯಾಂಕ್ ಯಾವತ್ತು ಹೇಳಿತು? ಐದು ತಿಂಗಳಾಗಿದೆ, ಅಂದರೆ 90 ದಿನ ದಾಟಿ ವಸೂಲಾಗದ ಸಾಲದ ಪಟ್ಟಿಗೆ ಹೋಗಿದೆ. ಅಂಥ ನೋಟಿಸ್ ಬಂದಿರುವ ಸಾಧ್ಯತೆಯೇ ಜಾಸ್ತಿ. ಹಳೆಯ ಇಮೇಲ್, ಎಸ್‌ಎಮ್‌ಎಸ್, ಮನೆಗೆ ಬಂದು ಒಡೆಯದೆ ಇಟ್ಟ ಲಕೋಟೆ ಎಲ್ಲ ಹುಡುಕಿ. ಹುಡುಕದೆ 'ನನಗೆ ಏನೂ ಹೇಳಿಲ್ಲ' ಅಂತ ಬರೆದುಬಿಟ್ಟು, ಆಮೇಲೆ ಬ್ಯಾಂಕ್ ಮೂರು ನೋಟಿಸಿನ ಪ್ರತಿ ತೆಗೆದರೆ ನಿಮ್ಮ ಮಾತಿಗೆ ಬೆಲೆ ಇರುವುದಿಲ್ಲ.

ಮೊತ್ತದ ಲೆಕ್ಕವನ್ನೂ ಬಿಡಿಸಿ ಕೇಳಿ. ಖರೀದಿ ಎಷ್ಟು, ಬಡ್ಡಿ ಎಷ್ಟು, ತಡ ಶುಲ್ಕ ಎಷ್ಟು, ಜಿಎಸ್‌ಟಿ ಎಷ್ಟು. ರಿಸರ್ವ್ ಬ್ಯಾಂಕಿನ ಕಾರ್ಡ್ ನಿರ್ದೇಶನಗಳ ಪ್ರಕಾರ ಕಟ್ಟದೆ ಉಳಿದ ಶುಲ್ಕ, ತೆರಿಗೆಗಳನ್ನು ಅಸಲಿಗೆ ಸೇರಿಸಿ ಅದರ ಮೇಲೆ ಮತ್ತೆ ಬಡ್ಡಿ ಹಾಕುವ ಹಾಗಿಲ್ಲ. ಲೆಕ್ಕ ಬಿಡಿಸಿದಾಗ ಇಂಥದ್ದು ಸಿಕ್ಕರೆ ಅಷ್ಟು ವಾಪಸ್ ಕೇಳಬಹುದು.

ಮುಂಚೆ ತಿಳಿಸಬೇಕಿತ್ತಲ್ವಾ ಅಂದರೆ, 171ನೇ ಕಲಮಿನಲ್ಲಿ ನೋಟಿಸ್ ಅನ್ನುವ ಪದವೇ ಇಲ್ಲ. ಬ್ಯಾಂಕುಗಳು ಇದನ್ನೇ ಹಿಡಿದುಕೊಳ್ಳುತ್ತವೆ. ಆದರೆ ರಿಸರ್ವ್ ಬ್ಯಾಂಕ್ 2003ರಲ್ಲಿ ಸಾಲ ಕೊಡುವವರಿಗಾಗಿ ನ್ಯಾಯಯುತ ನಡವಳಿಕೆಯ ಸಂಹಿತೆ ತಂದಾಗ, ಸಾಲ ತೀರಿದ ಮೇಲೂ ಬೇರೆ ಬಾಕಿಗಾಗಿ ಅಡಮಾನವನ್ನು ಇಟ್ಟುಕೊಳ್ಳುವುದಾದರೆ ಪೂರ್ತಿ ವಿವರದ ನೋಟಿಸ್ ಕೊಡಬೇಕು ಅಂತ ಹೇಳಿತು. ಅದು ಅಡಮಾನದ ಮಾತು, ನೇರವಾಗಿ ನಿಮ್ಮ ಸಂಬಳದ್ದಲ್ಲ. ಆದರೂ ದೂರಿನಲ್ಲಿ ಅದರ ಆಶಯವನ್ನು ಎತ್ತಿ ಹೇಳಿ. ಹೇಳದೆ ಕೇಳದೆ ಪೂರ್ತಿ ಸಂಬಳ ಎಳೆಯುವುದು ಕಾನೂನಿಗಿಂತ ಮೊದಲು ನಡವಳಿಕೆಯ ತಪ್ಪು.

ಈ ನೋಟಿಸಿನ ವಿಷಯದಲ್ಲಿ ನನಗೆ ಬುದ್ಧಿ ಬಂದದ್ದು ಒಬ್ಬ ರೈತರಿಂದ. ಆಗ ನಾನು ಹಳ್ಳಿ ಶಾಖೆಯೊಂದರಲ್ಲಿದ್ದೆ. ಚಿನ್ನದ ಸಾಲ ಪೂರ್ತಿ ಕಟ್ಟಿ, ರಸೀದಿ ಹಿಡಿದು, ಎರಡೆಳೆ ಸರ ಬಿಡಿಸಿಕೊಳ್ಳಲು ಬಂದಿದ್ದರು. ಅರಗಿನ ಮುದ್ರೆಯ ಬಟ್ಟೆ ಚೀಲ ಮೇಜಿನ ಮೇಲೆ ಬಂದೂ ಆಗಿತ್ತು. ಅಷ್ಟರಲ್ಲಿ ಕ್ಯಾಷಿಯರ್ 'ಸಾರ್, ಇವರು ಅಣ್ಣನ ಮಗನ ಟ್ರ್ಯಾಕ್ಟರ್ ಸಾಲಕ್ಕೆ ಜಾಮೀನು' ಅಂದ. ನಾನು ಚೀಲವನ್ನು ವಾಪಸ್ ತಿಜೋರಿಗೆ ಇಡಿಸಿದೆ. ಅವರು ಜಗಳ ಆಡಲಿಲ್ಲ. 'ಅವನು ಕಟ್ಟಿಲ್ಲ ಅಂತ ನಂಗೆ ಯಾವತ್ ಹೇಳಿದ್ರಿ ಸಾರ್?' ಅಂತ ಕೇಳಿದರು, ಅಷ್ಟೇ. ಫೈಲ್ ತೆಗೆಸಿದೆ. ಸಾಲಗಾರನಿಗೆ ಆರು ಪತ್ರ ಹೋಗಿತ್ತು. ಜಾಮೀನುದಾರನಿಗೆ ಒಂದೂ ಇಲ್ಲ. ಜಾಮೀನು ನಿಂತವರ ಹೊಣೆ ಸಾಲಗಾರನಷ್ಟೇ ಅಂತ ಕರಾರು ಕಾಯ್ದೆಯ 128ನೇ ಕಲಮು ಹೇಳುವುದು ನಿಜ. ಆದರೆ ನಮ್ಮ ಜಾಮೀನು ಪತ್ರದಲ್ಲಿ 'ಕೇಳಿದಾಗ ಕೊಡುತ್ತೇನೆ' ಅಂತ ಇತ್ತು. ನಾವು ಕೇಳಿಯೇ ಇರಲಿಲ್ಲ. ಅಂದೇ ಸಂಜೆ ಸರ ಕೊಟ್ಟು ಕಳಿಸಿದೆವು. ಮರುದಿನ ಅವರಿಗೆ ನೋಟಿಸ್ ಹೋಯಿತು, ಅದು ಬೇರೆ ಮಾತು.

ಚಿನ್ನದ ಸಾಲದ ಪ್ರಶ್ನೆ ಇನ್ನೂ ಹಲವರಿಂದ ಬರುವುದರಿಂದ ಇಲ್ಲೇ ಹೇಳಿಬಿಡುತ್ತೇನೆ. 174ನೇ ಕಲಮಿನ ಪ್ರಕಾರ ಒತ್ತೆ ಇಟ್ಟುಕೊಂಡವನು ಬೇರೆ ಸಾಲಕ್ಕಾಗಿ ಆ ವಸ್ತುವನ್ನು ತಡೆಯುವಂತಿಲ್ಲ, ಹಾಗೆ ಕರಾರು ಇಲ್ಲದಿದ್ದರೆ. 171 ಬ್ಯಾಂಕಿಗೆ ತಡೆಯಬಹುದು ಅನ್ನುತ್ತದೆ, ಬೇಡ ಅಂತ ಕರಾರು ಇಲ್ಲದಿದ್ದರೆ. ಎರಡು ಕಲಮು ಎದುರು ಬದುರು ನಿಂತಿವೆ. ಜಗಳ ಕೊನೆಗೆ ನೀವು ಸಹಿ ಮಾಡಿದ ಚೀಟಿಗೇ ಬಂದು ನಿಲ್ಲುತ್ತದೆ. ಅದಕ್ಕೇ ಚಿನ್ನ ಇಡುವ ದಿನ ಆ ಚೀಟಿ ಓದಿ ಅನ್ನುವುದು.

ಯಾರ ಸಾಲ, ಯಾರ ಹಣ ಅನ್ನುವಲ್ಲಿ ಜನ ಜಾಸ್ತಿ ಎಡವುವ ಕೆಲವು ಕಡೆಗಳಿವೆ. ಅಂಗಡಿ ನಿಮ್ಮೊಬ್ಬರದೇ ಆದರೆ ಅಂಗಡಿಯ ಖಾತೆಯೂ ನೀವೂ ಒಂದೇ, ಬ್ಯಾಂಕ್ ಎರಡನ್ನೂ ಹೊಂದಿಸಬಹುದು. ಪಾಲುದಾರಿಕೆ ಸಂಸ್ಥೆಯಾದರೆ ಸಂಸ್ಥೆಯ ಸಾಲಕ್ಕೆ ಪಾಲುದಾರನ ಸ್ವಂತ ಖಾತೆಗೆ ಕೈ ಹಾಕಬಹುದು, ಪಾಲುದಾರನ ಸ್ವಂತ ಸಾಲಕ್ಕೆ ಸಂಸ್ಥೆಯ ಖಾತೆ ಮುಟ್ಟುವಂತಿಲ್ಲ. ಮಗುವಿನ ಹೆಸರಿನಲ್ಲಿ ನೀವು ಪೋಷಕರಾಗಿರುವ ಖಾತೆ, ಟ್ರಸ್ಟಿಯಾಗಿರುವ ಖಾತೆ ನಿಮ್ಮದಲ್ಲ. ಪಿಪಿಎಫ್ ಖಾತೆ ಬ್ಯಾಂಕಿನಲ್ಲಿದ್ದರೂ ಯೋಜನೆ ಸರ್ಕಾರದ್ದು. ಕೋರ್ಟ್ ಡಿಕ್ರಿಗೂ ಅದು ಜಪ್ತಿಯಾಗುವುದಿಲ್ಲ.

ಬ್ಯಾಂಕಿನ ಕಡೆಯೂ 'ಒಬ್ಬನೇ' ಆಗಿರಬೇಕು. ಕಾರ್ಡ್ ಕೊಟ್ಟಿರುವುದು ಬ್ಯಾಂಕಾ ಅಥವಾ ಅದರ ಹೆಸರಿಟ್ಟುಕೊಂಡ ಬೇರೆ ಕಂಪನಿಯಾ ನೋಡಿ. ಉದಾಹರಣೆಗೆ ಎಸ್‌ಬಿಐ ಕಾರ್ಡ್ ಅನ್ನುವುದು ಬೇರೆಯೇ ಕಂಪನಿ, ಸ್ಟೇಟ್ ಬ್ಯಾಂಕ್ ಬೇರೆ. ಹಾಗಿರುವಾಗ ಒಬ್ಬರ ಬಾಕಿಗೆ ಇನ್ನೊಬ್ಬರ ಹತ್ತಿರ ಇರುವ ಹಣವನ್ನು ಸುಮ್ನೆ ವಜಾ ಮಾಡಲು ಬರುವುದಿಲ್ಲ. ಆದರೆ ಬೇರೆ ಬೇರೆ ಶಾಖೆ ಅನ್ನುವ ವಾದ ನಡೆಯುವುದಿಲ್ಲ. ಎಲ್ಲ ಶಾಖೆ ಸೇರಿ ಒಂದೇ ಬ್ಯಾಂಕ್.

ನಮ್ಮ ಕಡೆಯವರಿಗೆ ಇದರಲ್ಲಿ ಇನ್ನೊಂದು ಕೊಕ್ಕೆ ಇದೆ. ಸ್ಟೇಟ್ ಬ್ಯಾಂಕ್ ಆಫ್ ಮೈಸೂರು 2017ರಲ್ಲಿ ಸ್ಟೇಟ್ ಬ್ಯಾಂಕಿಗೆ ಸೇರಿತು. ವಿಜಯ ಬ್ಯಾಂಕ್ 2019ರಲ್ಲಿ ಬ್ಯಾಂಕ್ ಆಫ್ ಬರೋಡಾಗೆ, 2020ರಲ್ಲಿ ಸಿಂಡಿಕೇಟ್ ಬ್ಯಾಂಕ್ ಕೆನರಾ ಬ್ಯಾಂಕಿಗೆ, ಕಾರ್ಪೊರೇಷನ್ ಬ್ಯಾಂಕ್ ಯೂನಿಯನ್ ಬ್ಯಾಂಕಿಗೆ. ಎಂದೋ ಒಂದರಲ್ಲಿ ಉಳಿಸಿದ ಸಾಲ, ಇಂದು ಇನ್ನೊಂದರಲ್ಲಿರುವ ಸಂಬಳ. ವಿಲೀನ ಆದ ದಿನದಿಂದ ಎರಡೂ ಒಂದೇ ಸೂರಿನ ಕೆಳಗೆ. ಓದುವಾಗ ತೆಗೆದ ಶಿಕ್ಷಣ ಸಾಲದ ಬಾಕಿಗೆ ಹತ್ತು ವರ್ಷದ ನಂತರ ತಡೆ ಬಿದ್ದಾಗ 'ನಾನು ಈ ಬ್ಯಾಂಕಿನಲ್ಲಿ ಸಾಲವೇ ಮಾಡಿಲ್ಲ' ಅಂದವರನ್ನು ಕಂಡಿದ್ದೇನೆ. ಅವರು ಸುಳ್ಳು ಹೇಳುತ್ತಿರಲಿಲ್ಲ.

ಹಳೆಯ ಸಾಲ, ಮೂರು ವರ್ಷದ ಗಡುವು ಮುಗಿದಿದೆ, ಈಗ ಮುರಿದುಕೊಳ್ಳುವಂತಿಲ್ಲ ಅಂತಲೂ ಕೆಲವರು ಧೈರ್ಯವಾಗಿರುತ್ತಾರೆ. ಆ ಧೈರ್ಯ ಬೇಡ. ಗಡುವು ಮುಗಿದರೆ ಬ್ಯಾಂಕ್ ದಾವೆ ಹಾಕಲಾಗದು, ನಿಜ. ಸಾಲ ಸಾಯುವುದಿಲ್ಲ. 1992ರಲ್ಲಿ ಸುಪ್ರೀಂ ಕೋರ್ಟ್ ಎದುರು ಬಂದ ಒಂದು ಪ್ರಕರಣದಲ್ಲಿ, ಜಾಮೀನುದಾರ ಭದ್ರತೆಗೆ ಕೊಟ್ಟಿದ್ದ ಠೇವಣಿಯನ್ನು ಬ್ಯಾಂಕ್ ಗಡುವು ಮೀರಿದ ಮೇಲೆ ಹೊಂದಿಸಿಕೊಂಡಿತ್ತು. ಅವರು ಬ್ಯಾಂಕಿನವರ ಮೇಲೆ ಕ್ರಿಮಿನಲ್ ದೂರು ಹೂಡಿದ್ದರು. ಕೋರ್ಟ್ ದೂರನ್ನೇ ರದ್ದು ಮಾಡಿತು. ನಿಮ್ಮದು ಐದು ತಿಂಗಳ ಬಾಕಿ, ಆ ಮಾತೇ ಏಳುವುದಿಲ್ಲ.

ರೈತರ ಖಾತೆಗೆ ಬರುವ ಪರಿಹಾರ, ಸರ್ಕಾರದ ನೆರವಿನ ಹಣವನ್ನು ಸಾಲಕ್ಕೆ ಜಮಾ ಮಾಡಿಕೊಳ್ಳುವುದೂ ಇದೇ ಜಾತಿಯ ಸಮಸ್ಯೆ. 2024ರಲ್ಲಿ ಬರ ಪರಿಹಾರದ ದುಡ್ಡನ್ನು ಸಾಲಕ್ಕೆ ಹೊಂದಿಸಬೇಡಿ ಅಂತ ರಾಜ್ಯ ಸರ್ಕಾರ ಬ್ಯಾಂಕುಗಳಿಗೆ ಹೇಳಬೇಕಾಯಿತು. ಅಂಥವರು ಜಿಲ್ಲೆಯ ಬ್ಯಾಂಕುಗಳ ಕೆಲಸವನ್ನು ಹೊಂದಿಸುವ ಲೀಡ್ ಬ್ಯಾಂಕ್ ಮ್ಯಾನೇಜರಿಗೆ ಬರೆದರೆ ಬೇಗ ಕೆಲಸ ಆಗುತ್ತದೆ. ಶಾಖೆಯಲ್ಲಿ ವಾರಗಟ್ಟಲೆ ಅಲೆಯುವುದಕ್ಕಿಂತ ಅದು ಮೇಲು.

ನಿಮ್ಮ 5ನೇ ತಾರೀಕಿಗೆ ಬರೋಣ. ಬೈಕ್ ಸಾಲದ ಕಂತು ಈ ಖಾತೆಯಿಂದಲೇ ತಾನಾಗಿ ಹೋಗುವುದಾದರೆ ಅದು ಬೌನ್ಸ್ ಆಗುತ್ತದೆ. ಎರಡೂ ಕಡೆ ದಂಡ ಬೀಳುತ್ತದೆ. ಅದಕ್ಕಿಂತ ಮುಖ್ಯ, 2007ರ ಪಾವತಿ ವ್ಯವಸ್ಥೆಗಳ ಕಾಯ್ದೆಯ 25ನೇ ಕಲಮಿನಲ್ಲಿ ಇಂಥ ಬೌನ್ಸ್ ಕೂಡ ಚೆಕ್ ಬೌನ್ಸಿನಂತೆಯೇ ಅಪರಾಧ. ಒಂದು ಕಂತಿಗೆ ಯಾರೂ ಕೇಸ್ ಹಾಕಲು ಓಡುವುದಿಲ್ಲ, ಹೆದರಬೇಡಿ. ಆದರೆ ಇವತ್ತೇ ಫೈನಾನ್ಸ್ ಕಂಪನಿಗೆ ಫೋನ್ ಮಾಡಿ, ಕಂತನ್ನು ಬೇರೆ ಖಾತೆಯಿಂದ ಅಥವಾ ನೇರವಾಗಿ ಕಟ್ಟುತ್ತೇನೆ ಅಂತ ಹೇಳಿ, ಇಮೇಲಿನಲ್ಲೂ ಬರೆದಿಡಿ. ಬ್ಯಾಂಕ್ ಹಣ ತೆಗೆದದ್ದು ತಪ್ಪು ಅಂತ ಮುಂದೆ ಸಾಬೀತಾದರೆ, ಅದರಿಂದ ನೀವು ಕೊಟ್ಟ ಚೆಕ್ ಬೌನ್ಸ್ ಆಗಿದ್ದರೆ, ನೆಗೋಷಿಯೇಬಲ್ ಇನ್ಸ್‌ಟ್ರುಮೆಂಟ್ಸ್ ಕಾಯ್ದೆಯ 31ನೇ ಕಲಮಿನಲ್ಲಿ ನಷ್ಟ ಕೇಳಬಹುದು. ಆದ್ದರಿಂದ ಬಿದ್ದ ಪ್ರತಿ ದಂಡದ ರಸೀದಿಯನ್ನೂ ಎತ್ತಿಡಿ.

ಸಂಬಳದ ಬಗ್ಗೆ ಎರಡನೇ ಪತ್ರ ಬರೆಯುವಾಗ ಕಾನೂನಿನ ಅಬ್ಬರ ಬೇಡ. ಬಾಡಿಗೆ, ಔಷಧಿ, ಮನೆಯಲ್ಲಿರುವವರು ಎಷ್ಟು ಜನ ಅಂತ ನಾಲ್ಕು ಸಾಲು ಬರೆಯಿರಿ. ತೆಗೆದ ಹಣದಲ್ಲಿ ಇಷ್ಟು ವಾಪಸ್ ಹಾಕಿ, ಉಳಿದ ಬಾಕಿಯನ್ನು ತಿಂಗಳಿಗೆ ಇಂತಿಷ್ಟು ಕಟ್ಟುತ್ತೇನೆ ಅಂತ ಒಂದು ಅಂಕಿ ಕೊಡಿ. ಅಂಕಿ ಇಲ್ಲದ ಮನವಿಯ ಮೇಲೆ ನಾವು 'ನೋಡಲಾಗಿದೆ' ಅಂತ ಬರೆದು ಪಕ್ಕಕ್ಕಿಡುತ್ತಿದ್ದೆವು. ಅಂಕಿ ಇದ್ದರೆ ಮೇಲಿನವರಿಗೆ ಕಳಿಸಲು ಒಂದು ವಸ್ತು ಸಿಗುತ್ತದೆ. ಆಸ್ಪತ್ರೆ ಬಿಲ್ಲಿನ ಪ್ರತಿ ಜೊತೆಗಿಡಿ. ಪೂರ್ತಿ ವಾಪಸ್ ಬರುವುದು ಕಷ್ಟ. ಅರ್ಧ ವಾಪಸ್ ಬಂದದ್ದನ್ನು ನೋಡಿದ್ದೇನೆ. ಕಾರ್ಡ್ ವಿಭಾಗದವರು 'ಇಷ್ಟು ಕಟ್ಟಿ ಮುಗಿಸಿ' ಅಂತ ರಾಜಿ ಮೊತ್ತ ಹೇಳಬಹುದು. ಫೋನಿನ ಮಾತು ನಂಬಿ ಕಟ್ಟಬೇಡಿ, ಪತ್ರ ಬರಲಿ. ರಾಜಿ ಮಾಡಿಕೊಂಡರೆ ಕ್ರೆಡಿಟ್ ವರದಿಯಲ್ಲಿ 'ಕ್ಲೋಸ್ಡ್' ಅಂತ ಅಲ್ಲ, 'ಸೆಟಲ್ಡ್' ಅಂತ ಬೀಳುತ್ತದೆ. ಮುಂದೆ ಮನೆ ಸಾಲ ಕೇಳುವ ಯೋಚನೆ ಇದ್ದರೆ ಅದು ಕಾಡುತ್ತದೆ.

ಬ್ಯಾಂಕ್ 30 ದಿನದಲ್ಲಿ ಉತ್ತರ ಕೊಡದಿದ್ದರೆ ಅಥವಾ ಕೊಟ್ಟ ಉತ್ತರ ಸರಿ ಅನ್ನಿಸದಿದ್ದರೆ ಗ್ರಾಹಕರ ದೂರು ವಿಚಾರಿಸುವ ರಿಸರ್ವ್ ಬ್ಯಾಂಕಿನ ಅಧಿಕಾರಿಗೆ, ಅಂದರೆ ಓಂಬುಡ್ಸ್‌ಮನ್‌ಗೆ ದೂರು ಕೊಡಿ. ಆನ್‌ಲೈನ್‌ನಲ್ಲೇ ಕೊಡಬಹುದು, ಶುಲ್ಕ ಇಲ್ಲ, ವಕೀಲರು ಬೇಡ. ಸಹಾಯಕ್ಕೆ 14448ಕ್ಕೆ ಫೋನ್ ಮಾಡಬಹುದು. ಬ್ಯಾಂಕಿಗೆ ಮೊದಲು ಬರೆದ ಪುರಾವೆ ಇಲ್ಲದೆ ಹೋದರೆ ದೂರು ಅಲ್ಲೇ ಬಿದ್ದು ಹೋಗುತ್ತದೆ, ಆ ಸೀಲು ಹಾಕಿಸಿಕೊಂಡ ಪ್ರತಿ ಅದಕ್ಕೇ ಬೇಕು. ಅಮ್ಮನ ದೂರು ಅಲ್ಲಿ ನಿಲ್ಲುತ್ತದೆ ಅನ್ನುವ ನಂಬಿಕೆ ನನಗಿದೆ. ನಿಮ್ಮದರಲ್ಲಿ ಶುಲ್ಕದ ಲೆಕ್ಕ, ನೋಟಿಸಿನ ಕೊರತೆ ಸಿಕ್ಕರೆ ಮಾತ್ರ ಹೋಗಿ. ಜಿಲ್ಲಾ ಗ್ರಾಹಕ ಆಯೋಗದ ದಾರಿಯೂ ಇದೆ. ಅಲ್ಲಿ ಎರಡು ವರ್ಷದೊಳಗೆ ಹೋಗಬೇಕು, ಸಮಯ ಜಾಸ್ತಿ ಹಿಡಿಯುತ್ತದೆ.

ಮುಂದಿನ ತಿಂಗಳ ಸಂಬಳಕ್ಕೆ ಏನು ಮಾಡಬೇಕು ಅಂತ ನೀವು ಕೇಳಿಲ್ಲ, ಆದರೆ ಅದೇ ನಿಮ್ಮ ನಿಜವಾದ ಚಿಂತೆ. ಬಾಕಿ ಇನ್ನೂ 26,400 ಇದೆ. ಅದೇ ಖಾತೆಗೆ ಸಂಬಳ ಬಿದ್ದರೆ ಮತ್ತೆ ಎಳೆಯುತ್ತದೆ. ಕಂಪನಿಯ ಎಚ್‌ಆರ್‌ಗೆ ಬೇರೆ ಬ್ಯಾಂಕಿನ ಖಾತೆ ಸಂಖ್ಯೆ ಕೊಡಿ. ಇದರಲ್ಲಿ ಮೋಸ ಏನೂ ಇಲ್ಲ, ಸಂಬಳ ಎಲ್ಲಿಗೆ ಬರಬೇಕು ಅನ್ನುವುದು ನಿಮ್ಮ ಇಷ್ಟ. ಒಂದನ್ನು ಮಾತ್ರ ನೋಡಿಕೊಳ್ಳಿ. ಈ ಬ್ಯಾಂಕಿನಲ್ಲಿ ಸಂಬಳದ ಆಧಾರದ ಮೇಲೆ ಬೇರೆ ಸಾಲ ತೆಗೆದು, 'ಸಾಲ ಮುಗಿಯುವ ತನಕ ಸಂಬಳ ಇಲ್ಲಿಗೇ ಬರುತ್ತದೆ' ಅಂತ ಬರೆದುಕೊಟ್ಟಿದ್ದರೆ ಅದು ಕರಾರು ಮುರಿದಂತೆ. ಖಾತೆ ಬದಲಿಸಿದ ಮಾತ್ರಕ್ಕೆ ಬಾಕಿಯ ಬಡ್ಡಿ ನಿಲ್ಲುವುದಿಲ್ಲ. ಆದ್ದರಿಂದ ಒಪ್ಪಿಕೊಂಡ ಕಂತನ್ನು ಹೊಸ ಖಾತೆಯಿಂದ ನೀವೇ ಕಳಿಸಿ.

ಅಮ್ಮನ ಪಿಂಚಣಿಗೆ ಅಮ್ಮನೊಬ್ಬರದೇ ಹೆಸರಿನ ಖಾತೆ ಇರಲಿ, ನೀವು ನಾಮಿನಿಯಾಗಿರಿ. 'ಅಮ್ಮನಿಗೆ ಓಡಾಡಲು ಆಗಲ್ಲ, ನಾನು ತೆಗೆದುಕೊಡಬೇಕು' ಅನ್ನುವ ಕಾರಣಕ್ಕೆ ಜಂಟಿ ಮಾಡಿಸಿರುತ್ತೀರಿ. ನಿಮ್ಮ ಬಾಕಿ ತೀರುವ ತನಕ ಅದು ಬೇರೆ ಬ್ಯಾಂಕಿನಲ್ಲಿರುವುದೇ ಲೇಸು. ಪಿಂಚಣಿ ಖಾತೆ ಬದಲಿಸುವ ಅರ್ಜಿ ಕೊಟ್ಟ ಮೇಲೆ ಹೊಸ ಖಾತೆಗೆ ಮೊದಲ ತಿಂಗಳ ಹಣ ಬಿದ್ದದ್ದನ್ನು ಕಣ್ಣಾರೆ ನೋಡಿ, ಆಮೇಲಷ್ಟೇ ಹಳೆಯದನ್ನು ಮುಚ್ಚಿಸಿ. ನಡುವೆ ನವೆಂಬರ್ ಬಂದರೆ ಜೀವಿತ ಪ್ರಮಾಣ ಪತ್ರ ಯಾವ ಬ್ಯಾಂಕಿಗೆ ಕೊಡಬೇಕು ಅಂತ ಎರಡೂ ಕಡೆ ವಿಚಾರಿಸಿ.